ಎಂಟು ತಲೆ, ನಾಲ್ಕು ಸಾವಿರ ತಲೆ

‘ದಿ ಬಾಡಿ ಕೀಪ್ಸ್ ದ ಸ್ಕೋರ್’ ಪುಸ್ತಕವನ್ನು ನೀವು ಓದಿಲ್ಲದಿದ್ದರೂ ನೋಡಿಯಂತೂ ಇರ್ತೀರಿ. ನೀಲಿ ಹಿನ್ನೆಲೆ, ಕಪ್ಪು ಮನುಷ್ಯನ ಆಕೃತಿ, ಎದೆಯ ಜಾಗದಲ್ಲಿ ಒಂದು ಕೆಂಪು ಚುಕ್ಕೆ. ಕೊರೊನಾ ಕಾಲದಿಂದೀಚೆಗೆ ಚರ್ಚ್ ಸ್ಟ್ರೀಟಿನ ಅಂಗಡಿಗಳಲ್ಲಿ, ಏರ್‌ಪೋರ್ಟಿನ ಸ್ಟ್ಯಾಂಡುಗಳಲ್ಲಿ, ಮೆಟ್ರೋದಲ್ಲಿ ಪಕ್ಕ ಕೂತವರ ಕಿಂಡಲ್‌ನಲ್ಲಿ, ಎಲ್ಲೆಲ್ಲೂ ಇದೇ. ನಮ್ಮ ಟೀಮಿನಲ್ಲಿ ಒಂದೇ ಪ್ರತಿ ಐದು ಜನರ ಕೈ ದಾಟಿ ನನ್ನ ಹತ್ತಿರ ಬಂತು. ಬರೋ ಹೊತ್ತಿಗೆ ಮೂರು ಬಣ್ಣದ ಹೈಲೈಟರ್ ಅದರ ಮೇಲೆ ಓಡಾಡಿತ್ತು. ಸ್ವಾರಸ್ಯ ಏನಂದ್ರೆ, ಮೂರು ಬಣ್ಣವೂ ಒಟ್ಟಿಗೆ ಬಿದ್ದಿದ್ದ ಪುಟಗಳು ಒಂದೇ ಭಾಗದವು: ಮೆದುಳಿನ ಸ್ಕ್ಯಾನ್ ಚಿತ್ರಗಳಿರುವ ಭಾಗ.

ನನ್ನ ತಕರಾರು ಇರೋದು ಆ ಭಾಗದ ಬಗ್ಗೆ. ಇಡೀ ಪುಸ್ತಕದ ಬಗ್ಗೆ ಅಲ್ಲ. ಬೆಸೆಲ್ ವ್ಯಾನ್ ಡರ್ ಕೋಲ್ಕ್ ನೆದರ್ಲೆಂಡ್ಸ್‌ನಲ್ಲಿ 1943ರಲ್ಲಿ, ಯುದ್ಧದ ನಡುವೆ ಹುಟ್ಟಿದ ಮನೋವೈದ್ಯ. 1978ರಲ್ಲಿ ಬಾಸ್ಟನ್ನಿನ ಮಾಜಿ ಸೈನಿಕರ ಆಸ್ಪತ್ರೆಗೆ ಸೇರಿದವರು. ವಿಯೆಟ್ನಾಂನಿಂದ ಬಂದ ಸೈನಿಕರು ರಾತ್ರಿ ಕಿರುಚಿ ಏಳುವುದನ್ನು, ಹೆಂಡತಿ ಮಕ್ಕಳ ಮೇಲೆ ಎಗರಾಡಿ ಆಮೇಲೆ ತಾವೇ ಕೂತು ಅಳುವುದನ್ನು ಹತ್ತಿರದಿಂದ ಕಂಡವರು. ಆಗಿನ್ನೂ ‘ಪಿಟಿಎಸ್‌ಡಿ’ ಅನ್ನೋ ಹೆಸರೇ ಅಧಿಕೃತವಾಗಿ ಇರಲಿಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಅದು ಸೇರಿದ್ದು 1980ರಲ್ಲಿ. ಆ ಮನುಷ್ಯ ರೋಗಿಗಳ ಮಾತನ್ನು ಕೇಳಿಸಿಕೊಂಡಿದ್ದಾರೆ, ಅದು ಪುಟಪುಟದಲ್ಲೂ ಗೊತ್ತಾಗುತ್ತೆ. ಭಯ ಅನ್ನೋದು ಬರೀ ಯೋಚನೆ ಅಲ್ಲ, ಹೊಟ್ಟೆ, ಉಸಿರು, ಭುಜ ಎಲ್ಲದರಲ್ಲೂ ಕೂತಿರುತ್ತೆ ಅಂತ ಅವರು ಹೇಳುವಾಗ ನನಗೇನೂ ಆಶ್ಚರ್ಯ ಆಗಲಿಲ್ಲ. ನಮ್ಮೂರಲ್ಲಿ ಮಗು ಬೆಚ್ಚಿಬಿದ್ದು ಊಟ ಬಿಟ್ಟರೆ ತಾಯತ ಕಟ್ಟಿಸ್ತಿದ್ದ ಅಜ್ಜಿಯರಿಗೂ ಅಷ್ಟು ಗೊತ್ತಿತ್ತು. ಗೊತ್ತಿದ್ದದ್ದನ್ನೇ ಇಂಗ್ಲಿಷಲ್ಲಿ, ಗ್ರಾಫ್ ಸಮೇತ ಹೇಳಿದರೆ ನಮಗೆ ಧೈರ್ಯ ಬರುತ್ತೆ, ಅಷ್ಟೇ.

ಆದರೆ ಗ್ರಾಫ್ ಸಮೇತ ಹೇಳ್ತೀನಿ ಅಂದ ಮೇಲೆ ಗ್ರಾಫನ್ನೂ ನೋಡಬೇಕಲ್ಲ.

ಪುಸ್ತಕದ ಮೂರನೇ ಅಧ್ಯಾಯದಲ್ಲಿ ಒಂದು ಪ್ರಯೋಗ ಬರುತ್ತೆ. ಆಘಾತ ಅನುಭವಿಸಿದವರ ಕತೆಯನ್ನು ಅವರಿಂದಲೇ ಕೇಳಿ, ಚಿಕ್ಕ ಸ್ಕ್ರಿಪ್ಟ್ ಮಾಡಿ, ಅವರು ಸ್ಕ್ಯಾನರಿನಲ್ಲಿ ಮಲಗಿದ್ದಾಗ ಅದನ್ನೇ ಅವರಿಗೆ ಕೇಳಿಸಿದರು. ಭಯದ ನೆನಪು ಎದ್ದಾಗ ಮೆದುಳಿನ ಬಲಭಾಗ ಚುರುಕಾಯಿತು, ಎಡಗಡೆ ಮಾತಿಗೆ ಸಂಬಂಧಪಟ್ಟ ಬ್ರೋಕಾ ಪ್ರದೇಶದಲ್ಲಿ ಚಟುವಟಿಕೆ ಇಳಿಯಿತು. ಪಾರ್ಶ್ವವಾಯು ಹೊಡೆದವರಲ್ಲಿ ಕೆಡುವ ಜಾಗವೇ ಇಲ್ಲೂ ಮಂಕಾಗುತ್ತೆ ಅಂತ ಪುಸ್ತಕ ಹೋಲಿಸುತ್ತೆ. ಅದಕ್ಕೇ ನೋವುಂಡವರಿಗೆ ಮಾತು ಹೊರಡಲ್ಲ ಅನ್ನೋದು ತಾತ್ಪರ್ಯ. ಓದೋವಾಗ ಮೈ ಜುಂ ಅನ್ನುತ್ತೆ. ‘ಬಾಯಿ ಕಟ್ಟಿಹೋಯ್ತು’ ಅಂತ ನಾವು ಹೇಳೋದಕ್ಕೆ ಮೆದುಳಿನಲ್ಲೇ ಒಂದು ವಿಳಾಸ ಸಿಕ್ಕಿತಲ್ಲ ಅನ್ನಿಸುತ್ತೆ. ನಮ್ಮ ಪ್ರತಿಯಲ್ಲಿ ಮೂರು ಬಣ್ಣವೂ ಬಿದ್ದಿದ್ದು ಇಲ್ಲೇ.

ಆ ಪ್ರಯೋಗದ ಮೂಲ ವರದಿ ಬಂದದ್ದು 1996ರಲ್ಲಿ. ಅದರಲ್ಲಿ ಇದ್ದವರು ಎಂಟು ಜನ.

ಎಂಟು ಜನ ಸ್ವಾಮಿ. ನಮ್ಮ ಸ್ಟ್ಯಾಂಡ್‌ಅಪ್ ಮೀಟಿಂಗಿಗೇ ಅದಕ್ಕಿಂತ ಹೆಚ್ಚು ಜನ ಬರ್ತಾರೆ. ಹೋಲಿಸಿ ನೋಡೋಕೆ ಪಿಟಿಎಸ್‌ಡಿ ಇಲ್ಲದವರ ಗುಂಪೂ ಅಲ್ಲಿರಲಿಲ್ಲ. ಹಾಗಾಗಿ ಭಯದ ಕತೆ ಕೇಳಿದ ಯಾರಿಗಾದರೂ ಹಾಗೇ ಆಗುತ್ತೋ, ಪಿಟಿಎಸ್‌ಡಿ ಇದ್ದವರಿಗೆ ಮಾತ್ರ ಆಗುತ್ತೋ ಅಂತ ಆ ಒಂದು ಪ್ರಯೋಗದಿಂದ ಹೇಳೋಕೆ ಬರಲ್ಲ. ಮುಂದಿನ ಅಧ್ಯಾಯದಲ್ಲಿ ಇನ್ನೊಂದು ಸ್ಕ್ಯಾನ್ ಕತೆ ಇದೆ. 1999ರಲ್ಲಿ ಕೆನಡಾದ ಹೆದ್ದಾರಿಯಲ್ಲಿ ಮಂಜು ಕವಿದು 87 ವಾಹನಗಳು ಒಂದಕ್ಕೊಂದು ಗುದ್ದಿದ ಅಪಘಾತದಲ್ಲಿ ಬದುಕಿ ಬಂದ ಗಂಡ ಹೆಂಡತಿ. ಗಂಡನ ಮೆದುಳು ಆ ಕ್ಷಣವನ್ನು ಮತ್ತೆ ಅನುಭವಿಸುತ್ತಾ ಹೊತ್ತಿ ಉರಿಯುತ್ತೆ, ಹೆಂಡತಿಯ ಮೆದುಳು ದೀಪ ಆರಿಸಿದ ಹಾಗೆ ಸ್ತಬ್ಧವಾಗುತ್ತೆ. ಕಾದಂಬರಿಕಾರನೊಬ್ಬ ಬರೆದಿದ್ದರೂ ಇಷ್ಟು ಚೆನ್ನಾಗಿ ಬರೀತಿರಲಿಲ್ಲ. ಅಲ್ಲಿರೋದು ಇಬ್ಬರು. ಪುಸ್ತಕದಲ್ಲಿ ಬೇರೆ ಸಂಶೋಧನೆಗಳ ಉಲ್ಲೇಖ ಬೇಕಾದಷ್ಟಿದೆ, ಇಲ್ಲ ಅನ್ನಲ್ಲ. ಆದರೆ ಓದಿದವರ ತಲೆಯಲ್ಲಿ ಉಳಿಯೋದು ಈ ಎಂಟು ಮತ್ತು ಈ ಎರಡು.

ಆ ಬಣ್ಣದ ಚಿತ್ರಗಳ ಬಗ್ಗೆಯೂ ಒಂದು ಮಾತು. ಅವು ಫೋಟೋ ಅಲ್ಲ. ಮೆದುಳಿನ ಒಳಗೆ ಎಲ್ಲೂ ಕೆಂಪು ದೀಪ ಹತ್ತಲ್ಲ. ಒಂದು ಸ್ಥಿತಿಯ ಅಳತೆಯಿಂದ ಇನ್ನೊಂದು ಸ್ಥಿತಿಯ ಅಳತೆ ಕಳೆದು, ಬಂದ ವ್ಯತ್ಯಾಸ ಅಂಕಿಅಂಶದ ಪ್ರಕಾರ ಎಷ್ಟು ಗಟ್ಟಿ ಅಂತ ಲೆಕ್ಕ ಹಾಕಿ, ಒಂದು ಗೆರೆ ದಾಟಿದ ಚುಕ್ಕೆಗಳಿಗೆ ಮಾತ್ರ ಬಣ್ಣ ಹಾಕ್ತಾರೆ. ಗೆರೆ ಸ್ವಲ್ಪ ಕೆಳಗೆ ಎಳೆದರೆ ಇಡೀ ಮೆದುಳು ಹೋಳಿ ಆಡುತ್ತೆ, ಮೇಲೆ ಎಳೆದರೆ ಖಾಲಿ. 2009ರಲ್ಲಿ ಅಮೆರಿಕದ ಸಂಶೋಧಕರು ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರಿನಲ್ಲಿಟ್ಟು, ಅದಕ್ಕೆ ಮನುಷ್ಯರ ಫೋಟೋ ತೋರಿಸಿ, ಲೆಕ್ಕ ಸರಿಯಾಗಿ ತಿದ್ದದಿದ್ದರೆ ಮೀನಿನ ಮೆದುಳಲ್ಲೂ ‘ಚಟುವಟಿಕೆ’ ಕಾಣುತ್ತೆ ಅಂತ ತೋರಿಸಿದ್ದರು. ತಮಾಷೆಗೆ ಮಾಡಿದ್ದಲ್ಲ, ಆದರೆ ಇಗ್ ನೊಬೆಲ್ ಬಂತು.

ಸರಿ, ರಕ್ತದ ಓಟ, ಚಟುವಟಿಕೆ ಇವೆಲ್ಲ ಚಂಚಲ. ಗಾತ್ರ ಅಳೆಯೋದಾದರೂ ಗಟ್ಟಿ ಕೆಲಸ ಅಲ್ವಾ? ಮೆದುಳಿನಲ್ಲಿ ಹಿಪೊಕ್ಯಾಂಪಸ್ ಅಂತ ಒಂದು ಭಾಗ ಇದೆ. ಎಡಕ್ಕೊಂದು, ಬಲಕ್ಕೊಂದು. ಏನು, ಎಲ್ಲಿ, ಯಾವಾಗ ಆಯಿತು ಅನ್ನೋ ನೆನಪು ಜೋಡಿಸೋಕೆ ಬೇಕಾದದ್ದು. ಪಿಟಿಎಸ್‌ಡಿ ಅಂದರೆ ಮುಗಿದುಹೋದ ಘಟನೆ ಮುಗಿದಿದೆ ಅಂತ ಮೆದುಳಿಗೆ ಗೊತ್ತಾಗದೇ ಇರೋದು. ಹಾಗಾಗಿ ಸಂಶೋಧಕರ ಕಣ್ಣು ಮೊದಲು ಬಿದ್ದದ್ದು ಇದರ ಮೇಲೆ. 1995ರಲ್ಲಿ ಡಗ್ಲಸ್ ಬ್ರೆಮ್ನರ್ ಮತ್ತು ಸಂಗಡಿಗರು ವಿಯೆಟ್ನಾಂನಲ್ಲಿ ಹೋರಾಡಿದ 26 ಸೈನಿಕರ ಎಂಆರ್‌ಐ ತೆಗೆದು, ಬಲ ಹಿಪೊಕ್ಯಾಂಪಸ್ 8% ಚಿಕ್ಕದಿದೆ ಅಂದರು. ಮರುವರ್ಷ ಇನ್ನೊಂದು ತಂಡ, ಎಡಗಡೆ 26%, ಬಲಗಡೆ 22% ಚಿಕ್ಕದು ಅಂತ ವರದಿ ಮಾಡಿತು. ಕಾಲು ಭಾಗ ಕರಗಿಹೋಗಿದೆ ಅಂದರೆ ಯಾರಿಗೆ ಗಾಬರಿ ಆಗಲ್ಲ ಹೇಳಿ. ಆ ಎರಡನೆಯ ವರದಿಯಲ್ಲಿ ಪಿಟಿಎಸ್‌ಡಿ ಇದ್ದವರು ಏಳು ಜನ.

ಇಲ್ಲಿ ಅಂಕಿಅಂಶದ ಒಂದು ಕ್ರೂರ ನಿಯಮ ಇದೆ. ನಿಜವಾದ ವ್ಯತ್ಯಾಸ ಸಣ್ಣದಿದ್ದು, ನೀವು ನೋಡಿದ ಜನ ಕಡಿಮೆ ಇದ್ದರೆ, ‘ಸಿಕ್ಕಿತು’ ಅಂತ ಪತ್ರಿಕೆಗೆ ಹೋಗೋದು ಉತ್ಪ್ರೇಕ್ಷೆಯ ಫಲಿತಾಂಶವೇ. ಯಾಕಂದ್ರೆ ಏಳು ಜನರಲ್ಲಿ ಗೆರೆ ದಾಟಬೇಕಾದರೆ ಸಂಖ್ಯೆ ದೊಡ್ಡದಾಗಿಯೇ ಬರಬೇಕು. ಏನೂ ಸಿಗದ ಹತ್ತು ತಂಡಗಳು ತಮ್ಮ ಫೈಲನ್ನ ಡ್ರಾಯರಿಗೆ ತಳ್ಳಿ ಮನೆಗೆ ಹೋಗಿರ್ತವೆ. ಆಮೇಲೆ ಅಚ್ಚಾದ ವರದಿಗಳನ್ನೆಲ್ಲ ಕೂಡಿಸಿ ಸರಾಸರಿ ತೆಗೆದರೂ ಸರಾಸರಿಯೇ ಉಬ್ಬಿಕೊಂಡಿರುತ್ತೆ. ಸಕ್ಸಸ್ ಆದ ಸ್ಟಾರ್ಟಪ್ಪುಗಳನ್ನ ಮಾತ್ರ ನೋಡಿ ಬಿಸಿನೆಸ್ ಪುಸ್ತಕ ಬರೆದ ಹಾಗೆ.

ಇದನ್ನು ಬಿಡಿಸೋಕೆ ಹೊರಟ ಒಂದು ಪ್ರಯತ್ನ ಇದೆ. ಅದು ಈ ಪುಸ್ತಕದಷ್ಟು ಹೆಸರು ಮಾಡಿಲ್ಲ, ಯಾರೂ ಅದಕ್ಕೆ ಹೈಲೈಟರ್ ಹಿಡಿದಿಲ್ಲ. ಹೆಸರು ಎನಿಗ್ಮಾ. 2009ರಲ್ಲಿ ಶುರುವಾಯಿತು, ಮುಂಚೂಣಿಯಲ್ಲಿರುವವರು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾಲ್ ಥಾಂಪ್ಸನ್. ಎರಡನೇ ಮಹಾಯುದ್ಧದ ಜರ್ಮನ್ ಗುಪ್ತಲಿಪಿ ಯಂತ್ರದ ಹೆಸರೇ. ಕೈಲಿರೋ ಸಂಕೇತವನ್ನ ಒಬ್ಬೊಬ್ಬರೇ ಕೂತು ಬಿಡಿಸೋಕೆ ಆಗಲ್ಲ ಅನ್ನೋ ಧ್ವನಿಯೂ ಅದರಲ್ಲಿದೆ. 40ಕ್ಕೂ ಹೆಚ್ಚು ದೇಶಗಳ ತಂಡಗಳು ಇದರಲ್ಲಿವೆ. ಖಿನ್ನತೆಗೊಂದು ಗುಂಪು, ಸ್ಕಿಜೋಫ್ರೇನಿಯಾಗೊಂದು, ಒಸಿಡಿಗೊಂದು, ಹೀಗೆ. ಪಿಟಿಎಸ್‌ಡಿ ಗುಂಪು ನಡೆಯೋದು ಮನೋರೋಗಗಳ ವಂಶವಾಹಿ ಹುಡುಕುವ ಪಿಜಿಸಿ ಒಕ್ಕೂಟದ ಜೊತೆ ಸೇರಿ. ಡ್ಯೂಕ್ ವಿಶ್ವವಿದ್ಯಾಲಯದ ರಾಜೇಂದ್ರ ಮೋರೆ ಅದನ್ನು ಕಟ್ಟಿದವರಲ್ಲಿ ಮುಖ್ಯರು.

ಅವರು ಕೆಲಸ ಮಾಡೋ ರೀತಿ ನೋಡಿ ನನಗೆ ನಿಜಕ್ಕೂ ಖುಷಿ ಆಯಿತು, ಯಾಕಂದ್ರೆ ಇದು ನಮ್ಮ ಕಸುಬಿನ ಮಾತು. ಒಬ್ಬ ರೋಗಿಯ ಮೆದುಳಿನ ಸ್ಕ್ಯಾನನ್ನು ದೇಶದಿಂದ ದೇಶಕ್ಕೆ ಕಳಿಸೋದು ಕಷ್ಟ. ಒಪ್ಪಿಗೆ ಪತ್ರ, ಎಥಿಕ್ಸ್ ಕಮಿಟಿ, ಕಾನೂನು. ಸೈನಿಕರ ಸ್ಕ್ಯಾನ್ ಅಂದರೆ ಇನ್ನೂ ಕಷ್ಟ. ಹಾಗಾಗಿ ಅವರು ಡೇಟಾ ತರಿಸೋ ಬದಲು ಕೋಡ್ ಕಳಿಸಿದರು. ಸ್ಕ್ಯಾನ್ ಇರೋ ಜಾಗದಲ್ಲೇ ಇರಲಿ. ಇಗೋ ಈ ಸ್ಕ್ರಿಪ್ಟ್, ಇದನ್ನ ನಿಮ್ಮ ಮಿಷಿನ್ನಲ್ಲಿ ಓಡಿಸಿ, ಫ್ರೀಸರ್ಫರ್ ಅನ್ನೋ ಉಚಿತ ಸಾಫ್ಟ್‌ವೇರ್ ಪ್ರತಿ ಭಾಗದ ಗಾತ್ರ ಅಳೆದು ಕೊಡುತ್ತೆ, ಅಳತೆ ಸರಿಯಾಗಿದೆಯಾ ಅಂತ ಈ ಪಟ್ಟಿ ಇಟ್ಟುಕೊಂಡು ಕಣ್ಣಿಂದಲೇ ಪರೀಕ್ಷೆ ಮಾಡಿ, ಬಂದ ಅಂಕಿಗಳನ್ನು ಮಾತ್ರ ನಮಗೆ ಕೊಡಿ. ಎಲ್ಲರದ್ದೂ ಒಂದೇ ರೆಸಿಪಿ. ಮುಖ್ಯವಾಗಿ, ಫಲಿತಾಂಶ ಬರೋಕೆ ಮುಂಚೆಯೇ ತಂಡಗಳು ಸೇರಿರ್ತವೆ, ಹಾಗಾಗಿ ‘ಏನೂ ಸಿಗಲಿಲ್ಲ’ ಅಂದವರ ಡೇಟಾವೂ ಒಳಗೇ ಇರುತ್ತೆ. ಡ್ರಾಯರು ಖಾಲಿ.

ಒಂದೇ ರೆಸಿಪಿ ಯಾಕೆ ಬೇಕು ಅಂತ ಕೇಳೋರಿಗೆ ಒಂದು ಉದಾಹರಣೆ. 2012ರಲ್ಲಿ ಒಂದು ಡಚ್ ತಂಡ ಅವೇ ಸ್ಕ್ಯಾನ್‌ಗಳನ್ನು ಫ್ರೀಸರ್ಫರಿನ ಬೇರೆ ಬೇರೆ ವರ್ಷನ್‌ಗಳಲ್ಲಿ ಓಡಿಸಿತು. ಅದೇ ತಲೆ, ಅದೇ ಸ್ಕ್ಯಾನ್. ವರ್ಷನ್ ಬದಲಾದರೆ ಗಾತ್ರ ಸರಾಸರಿ 8.8% ಆಚೀಚೆ ಆಯಿತು. ಕಂಪ್ಯೂಟರ್ ಬದಲಾದರೂ, ಮ್ಯಾಕ್ ಓಎಸ್ ಅಪ್‌ಡೇಟ್ ಆದರೂ ಸ್ವಲ್ಪ ವ್ಯತ್ಯಾಸ. ಸೈನಿಕರ ಮೆದುಳಲ್ಲಿ ಕಂಡ 8% ನೆನಪಿದೆಯಲ್ಲ? ಒಂದೇ ಅಧ್ಯಯನದೊಳಗೆ ಎಲ್ಲರಿಗೂ ಒಂದೇ ವರ್ಷನ್ ಬಳಸಿದರೆ ಈ ತೊಂದರೆ ಬಹುಪಾಲು ಇರಲ್ಲ, ನಿಜ. ಆದರೆ ಅವರ 8% ಮತ್ತು ಇವರ 26%ನ್ನು ಪಕ್ಕಪಕ್ಕ ಇಟ್ಟು ಮಾತಾಡೋಕೆ ಹೋದರೆ ಗೊತ್ತಾಗುತ್ತೆ. ಪ್ರೊಡಕ್ಷನ್ನಲ್ಲಿ ಒಂದು ಲೈಬ್ರರಿ ವರ್ಷನ್ ಬೇರೆ ಇದ್ದು ಶನಿವಾರ ರಾತ್ರಿ ನಿದ್ದೆ ಬಿಟ್ಟವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

2018ರಲ್ಲಿ ಮೊದಲ ದೊಡ್ಡ ಫಲಿತಾಂಶ ಬಂತು. 16 ಗುಂಪುಗಳು, 1,868 ಜನ, ಅದರಲ್ಲಿ 794 ಜನರಿಗೆ ಪಿಟಿಎಸ್‌ಡಿ. ಹೋಲಿಕೆಗೆ ಇಟ್ಟವರೂ ಆಘಾತ ಕಂಡವರೇ, ಆದರೆ ಕಾಯಿಲೆಗೆ ಬೀಳದವರು. ಮೆದುಳಿನ ಆಳದ ಎಂಟು ಭಾಗ ಅಳೆದರು. ಹಿಪೊಕ್ಯಾಂಪಸ್ ಚಿಕ್ಕದಿತ್ತು, ಅದು ನಿಲ್ಲುತ್ತೆ. ಭಯದ ಕೇಂದ್ರ ಅಂತ ಎಲ್ಲ ಪುಸ್ತಕಗಳೂ ಹಾಡಿ ಹೊಗಳುವ ಅಮಿಗ್ಡಲಾ ಕೂಡ ಕೊಂಚ ಚಿಕ್ಕದಾಗಿ ಕಂಡಿತು, ಆದರೆ ಎಂಟು ಜಾಗ ಹುಡುಕಿದ್ದೀರಿ ಅಂದಮೇಲೆ ಎಂಟು ಪಟ್ಟು ಕಠಿಣ ಪರೀಕ್ಷೆ ಪಾಸಾಗಬೇಕು, ಅದು ಪಾಸಾಗಲಿಲ್ಲ. ಹಾಗಂತ ಅವರೇ ಬರೆದರು. ನನಗೆ ಆ ವಾಕ್ಯ ಇಷ್ಟವಾಯಿತು. ಪುಸ್ತಕ ಮಾರೋರು ಯಾರೂ ಬರೆಯೋ ವಾಕ್ಯ ಅಲ್ಲ ಅದು.

ಹಿಪೊಕ್ಯಾಂಪಸ್ ಎಷ್ಟು ಚಿಕ್ಕದು? ಅವರ ಭಾಷೆಯಲ್ಲಿ ಮೈನಸ್ 0.17. ನಮ್ಮ ಭಾಷೆಗೆ ಇಳಿಸಿ ನೋಡೋಣ. ಪಿಟಿಎಸ್‌ಡಿ ಇರುವ ಒಬ್ಬರನ್ನು, ಇಲ್ಲದ ಒಬ್ಬರನ್ನು ಕಣ್ಣುಮುಚ್ಚಿ ಆರಿಸಿ, ಇಬ್ಬರ ಹಿಪೊಕ್ಯಾಂಪಸ್ ಅಳೆಯಿರಿ. ಚಿಕ್ಕದಿರೋದು ಪಿಟಿಎಸ್‌ಡಿ ಇರೋರದ್ದೇ ಅಂತ ಬೆಟ್ ಕಟ್ಟಿದರೆ ನೂರಕ್ಕೆ ಸುಮಾರು 55 ಸಲ ಗೆಲ್ತೀರಿ. ಸ್ಕ್ಯಾನರ್ ಮುಟ್ಟದೆ ನಾಣ್ಯ ಚಿಮ್ಮಿದರೆ 50 ಸಲ ಗೆಲ್ತೀರಿ. ಎರಡು ಗುಂಪಿನ ಅಳತೆಗಳು ಒಂದರ ಮೇಲೊಂದು ಹೆಚ್ಚುಕಡಿಮೆ ಪೂರ್ತಿ ಮಲಗಿಬಿಟ್ಟಿವೆ. ಇಷ್ಟು ಸಣ್ಣ ವ್ಯತ್ಯಾಸವನ್ನು ನಂಬಿಕೆಯಿಂದ ಹಿಡಿಯೋಕೆ ಎಷ್ಟು ಜನ ಬೇಕು ಅಂತ ಮಾಮೂಲಿ ಸೂತ್ರ ಹಾಕಿ ನೋಡಿದೆ: ಒಂದೊಂದು ಗುಂಪಿಗೂ 540ರ ಆಸುಪಾಸು. ಏಳು ಜನರಲ್ಲಿ 26% ಕಂಡದ್ದು ಏನು ಅಂತ ಈಗ ನೀವೇ ಊಹಿಸಿಕೊಳ್ಳಿ.

ಆಮೇಲಿನ ವರದಿಗಳದ್ದೂ ಇದೇ ಜಾಡು. ಮೆದುಳಿನ ತಂತಿಗಳಂತಿರುವ ಬಿಳಿ ಭಾಗವನ್ನು 3,047 ಜನರಲ್ಲಿ ನೋಡಿದರು, 2021ರಲ್ಲಿ. ಎಡಬಲ ಅರ್ಧಗಳನ್ನು ಜೋಡಿಸುವ ಕಂತೆಯ ಒಂದು ಕಡೆ ಸಣ್ಣ ವ್ಯತ್ಯಾಸ. 2024ರಲ್ಲಿ ತಲೆಯ ಹಿಂಭಾಗದ ಕಿರುಮೆದುಳನ್ನು 4,215 ಜನರಲ್ಲಿ ಅಳೆದರು. ಪಿಟಿಎಸ್‌ಡಿ ಇದ್ದವರಲ್ಲಿ ಕೊಂಚ ಚಿಕ್ಕದು. ನಡಿಗೆ, ತೋಲನ ನೋಡಿಕೊಳ್ಳೋದು ಅಂತ ನಾವು ಹೈಸ್ಕೂಲಿನಲ್ಲಿ ಓದಿದ ಕಿರುಮೆದುಳು ಇಲ್ಲಿ ಬಂದದ್ದು ನನಗೆ ಈ ಇಡೀ ವ್ಯವಹಾರದಲ್ಲಿ ಅತಿ ಕುತೂಹಲದ ಸುದ್ದಿ. ಎಂಟು ಜನರ ಪ್ರಯೋಗಗಳು ಅಲ್ಲಿ ಹೆಚ್ಚು ಹುಡುಕಿಯೇ ಇರಲಿಲ್ಲ.

ಒಂದು ಕಡೆ ನ್ಯಾಯವಾಗಿ ಮಾತಾಡಬೇಕು. ಎನಿಗ್ಮಾದವರು ಅಳೆದದ್ದು ಗಾತ್ರ, ರಚನೆ. ವ್ಯಾನ್ ಡರ್ ಕೋಲ್ಕ್ ಹೇಳಿದ್ದು ಚಟುವಟಿಕೆ. ಹಾಗಾಗಿ ಇವರು ಅವರನ್ನು ಸುಳ್ಳು ಮಾಡಿದರು ಅನ್ನೋ ಹಾಗಿಲ್ಲ. 2018ರಲ್ಲಿ ಬಂದದ್ದನ್ನು 2014ರ ಪುಸ್ತಕ ಹೇಳಲಿಲ್ಲ ಅಂತ ದೂರೋದೂ ತಪ್ಪು. ನನ್ನ ದೂರು ಬೇರೆ: ಎಂಟು ಜನರನ್ನು ಕಂಡು ಅಷ್ಟು ಖಚಿತವಾದ ದನಿಯಲ್ಲಿ ಬರೆಯಬಹುದು ಅನ್ನೋ ಆ ಧೈರ್ಯ. ನಾಲ್ಕು ಸಾವಿರ ಜನರನ್ನು ಕಂಡವರು ತಗ್ಗಿದ ದನಿಯಲ್ಲಿ ಮಾತಾಡ್ತಿದ್ದಾರೆ.

ಇದರಲ್ಲಿ ಅಷ್ಟೊಂದು ತಲೆಕೆಡಿಸಿಕೊಳ್ಳೋದು ಏನಿದೆ, ಜನಕ್ಕೆ ಒಳ್ಳೇದಾದರೆ ಸಾಕಲ್ವಾ ಅಂತ ಪುಸ್ತಕ ಕೊಟ್ಟ ಗೆಳತಿ ಕೇಳಿದಳು. ನಿಮ್ಮ ನೋವು ಕಲ್ಪನೆ ಅಲ್ಲ, ಮೆದುಳಲ್ಲಿ ಕಾಣುತ್ತೆ ಅಂತ ಹೇಳಿದರೆ ಎಷ್ಟೋ ಜನಕ್ಕೆ ಸಮಾಧಾನ ಅಂತ ಅವಳ ವಾದ. ಸಮಾಧಾನ ಹೌದು. ಆದರೆ ಆ ವಾದಕ್ಕೆ ಇನ್ನೊಂದು ಮುಖ ಇದೆ. ಕಂಡರೆ ನಿಜ ಅನ್ನೋದಾದರೆ, ಕಾಣದಿದ್ದರೆ?

ನಮ್ಮ ದೊಡ್ಡಪ್ಪನ ಮಗ ಟೆಂಪೋ ಓಡಿಸ್ತಿದ್ದ. ಘಾಟಿಯಲ್ಲಿ ಒಂದು ರಾತ್ರಿ ಗಾಡಿ ಉರುಳಿತು, ಪಕ್ಕ ಕೂತಿದ್ದ ಹುಡುಗ ಉಳಿಯಲಿಲ್ಲ. ಇವನಿಗೆ ಬರೀ ತರಚು ಗಾಯ. ಆಮೇಲೆ ಆರು ತಿಂಗಳು ಸ್ಟೇರಿಂಗ್ ಮುಟ್ಟಲಿಲ್ಲ. ಡೀಸೆಲ್ ವಾಸನೆ ಬಂದರೆ ಎದ್ದು ಹೊರಗೆ ಹೋಗೋನು, ರಾತ್ರಿ ಜಗಲಿ ಮೇಲೆ ಕೂತೇ ಬೆಳಗು ಮಾಡೋನು. ಮನೆಯವರು ಸಾಲ ಮಾಡಿ ತಲೆ ಸ್ಕ್ಯಾನ್ ಮಾಡಿಸಿದರು. ರಿಪೋರ್ಟ್ ನಾರ್ಮಲ್. ದೊಡ್ಡಪ್ಪ ಆ ಕವರನ್ನ ಟಿವಿ ಪಕ್ಕ ಇಟ್ಟು, ಬಂದೋರಿಗೆಲ್ಲ, ‘ಮಿಷಿನ್ನೇ ಏನೂ ಇಲ್ಲ ಅಂತು, ಇವನಿಗೆ ಮೈಗಳ್ಳತನ ಅಷ್ಟೇ’ ಅನ್ನೋರು. ಒಂದಿನ ಅವನು ನನಗೆ ಫೋನ್ ಮಾಡಿದ. ‘ನೀನು ಬೆಂಗಳೂರಲ್ಲಿದೀಯ, ಕಂಪ್ಯೂಟರ್ ಓದಿದೋನು ಕಣೋ. ಇದಕ್ಕಿಂತ ದೊಡ್ಡ ಮಿಷಿನ್ ಇರುತ್ತಂತಲ್ಲ, ಅದ್ರಲ್ಲಾದ್ರೂ ಕಾಣುತ್ತಾ?’ ಅಂದ. ಕಾಣಲಿ ಅಂತ ಅವನಿಗೆ ಆಸೆ, ಅದು ದನಿಯಲ್ಲೇ ಗೊತ್ತಾಗ್ತಿತ್ತು. ‘ಯಾವ ಮಿಷಿನ್ನಲ್ಲೂ ಒಬ್ಬೊಬ್ಬರ ಲೆಕ್ಕದಲ್ಲಿ ಕಾಣಲ್ಲ ಅಣ್ಣ, ಕಾಣಲ್ಲ ಅಂದ್ರೆ ಇಲ್ಲ ಅಂತಲ್ಲ’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದನ್ನ ಅಪ್ಪಯ್ಯಂಗೆ ಹೇಳ್ತೀಯಾ?’ ಅಂದ. ಹೇಳಿದೆ. ದೊಡ್ಡಪ್ಪ ಒಪ್ಪೋಕೆ ಇನ್ನೊಂದು ವರ್ಷ ಬೇಕಾಯಿತು. ಸರಕಾರಿ ಆಸ್ಪತ್ರೆಯ ಮನೋವೈದ್ಯರೊಬ್ಬರು ಸ್ಕ್ಯಾನ್ ಕವರನ್ನ ತೆಗೆದೂ ನೋಡದೆ, ಎದುರು ಕೂರಿಸಿಕೊಂಡು ಮಾತಾಡಿದರಂತೆ. ಈಗ ಹಗಲು ಹೊತ್ತು ಗಾಡಿ ಓಡಿಸ್ತಾನೆ. ಘಾಟಿ ಕಡೆ ಬಾಡಿಗೆ ಮಾತ್ರ ಇವತ್ತಿಗೂ ಒಪ್ಪಲ್ಲ.

ನಾಲ್ಕು ಸಾವಿರ ಜನರ ಸರಾಸರಿಯಲ್ಲಿ ಮಾತ್ರ ತೇಲಿ ಬರುವ ವ್ಯತ್ಯಾಸವನ್ನು ಒಬ್ಬ ಮನುಷ್ಯನ ಎದುರು ಸಾಕ್ಷಿಯಾಗಿ ನಿಲ್ಲಿಸೋಕೆ ಬರಲ್ಲ, ಅವನ ಪರವಾಗಿಯೂ, ಅವನ ವಿರುದ್ಧವಾಗಿಯೂ. ಚಿಕಿತ್ಸೆಗೂ ಸ್ಕ್ಯಾನ್ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿದ್ದು ಆಘಾತವನ್ನೇ ಕೇಂದ್ರವಾಗಿಟ್ಟ ಸಿಬಿಟಿ ಮತ್ತು ಇಎಂಡಿಆರ್; ಎರಡಕ್ಕೂ ಬೇಕಾದ್ದು ತರಬೇತಿ ಆದ ಒಬ್ಬ ಮನುಷ್ಯ, ಎರಡು ಕುರ್ಚಿ, ಕೆಲವು ವಾರ.

ಇನ್ನು ಎಲ್ಲಕ್ಕಿಂತ ತೊಡಕಿನ ಪ್ರಶ್ನೆ. ಚಿಕ್ಕದಾದದ್ದು ಆಘಾತದಿಂದಲೋ, ಮೊದಲೇ ಚಿಕ್ಕದಿತ್ತೋ? ‘ಟ್ರಾಮಾ ಮೆದುಳನ್ನು ಬದಲಿಸುತ್ತೆ’ ಅಂತ ಎಲ್ಲರೂ ಸಲೀಸಾಗಿ ಹೇಳ್ತಾರೆ. 2002ರಲ್ಲಿ ಮಾರ್ಕ್ ಗಿಲ್ಬರ್ಟ್‌ಸನ್ ಮತ್ತು ಸಂಗಡಿಗರು ಒಂದು ಚಾಣಾಕ್ಷ ಕೆಲಸ ಮಾಡಿದರು. ತದ್ರೂಪಿ ಅವಳಿಗಳು, ಒಬ್ಬ ವಿಯೆಟ್ನಾಂನಲ್ಲಿ ಹೋರಾಡಿದ, ಇನ್ನೊಬ್ಬ ಯುದ್ಧ ನೋಡಲೇ ಇಲ್ಲ. ಹೋರಾಡಿ ತೀವ್ರ ಪಿಟಿಎಸ್‌ಡಿಗೆ ಬಿದ್ದವನ ಹಿಪೊಕ್ಯಾಂಪಸ್ ಚಿಕ್ಕದಿತ್ತು, ಸರಿ. ಮನೆಯಲ್ಲೇ ಇದ್ದ ಅವನ ಅವಳಿಯದ್ದೂ ಅಷ್ಟೇ ಚಿಕ್ಕದಿತ್ತು! ಯುದ್ಧಕ್ಕೆ ಹೋಗಿ ಕಾಯಿಲೆ ಇಲ್ಲದೆ ಬಂದವನ ಜೋಡಿಯಲ್ಲಿ ಇಬ್ಬರದ್ದೂ ದೊಡ್ಡದು. ಅಂದರೆ ಕನಿಷ್ಠ ಒಂದು ಪಾಲಾದರೂ ಹುಟ್ಟಿನಿಂದಲೋ, ಬೆಳೆದ ಮನೆಯಿಂದಲೋ ಬಂದದ್ದು. ಇದೂ ಸಣ್ಣ ಅಧ್ಯಯನವೇ, ಮೇಲೆ ಹೇಳಿದ ಅನುಮಾನ ಇದಕ್ಕೂ ಸಲ್ಲುತ್ತೆ. ಆದರೆ ಪ್ರಶ್ನೆಯನ್ನ ಸರಿಯಾಗಿ ಕೇಳಿದ ಅಧ್ಯಯನ.

ಇಲ್ಲಿಗೆ ಬಂದಾಗ ಎನಿಗ್ಮಾದ ಮೇಲೂ ನನಗೆ ಅಸಮಾಧಾನ ಇದೆ. ಅವರ ಹತ್ತಿರ ಇರೋದು ಒಬ್ಬೊಬ್ಬರದ್ದು ಒಂದೊಂದು ಚಿತ್ರ, ಅದೂ ಕಾಯಿಲೆ ಬಂದಮೇಲೆ ತೆಗೆದದ್ದು. ಹಾಗಾಗಿ ಎಷ್ಟು ಸಾವಿರ ಜನ ಸೇರಿಸಿದರೂ ಮೊದಲು ಯಾವುದು, ಆಮೇಲೆ ಯಾವುದು ಅಂತ ತಿಳಿಯಲ್ಲ. ತಪ್ಪು ಪ್ರಶ್ನೆಯ ಉತ್ತರ ನಿಖರ ಆಗ್ತಾ ಹೋಗೋ ಅಪಾಯ ಇದು. ಇನ್ನೊಂದು, ಹೆಸರಿನ ತೊಡಕು. ಪಿಟಿಎಸ್‌ಡಿ ಅಂತ ಹಣೆಪಟ್ಟಿ ಹಚ್ಚೋಕೆ ಈಗಿನ ಕೈಪಿಡಿಯಲ್ಲಿ 20 ಲಕ್ಷಣಗಳಿವೆ, ಇಷ್ಟಿಷ್ಟು ಇದ್ದರೆ ಸಾಕು. ಯಾವ ಯಾವ ಕೂಟಗಳಲ್ಲಿ ಈ ಕಾಯಿಲೆ ಬರಬಹುದು ಅಂತ ಇಬ್ಬರು ಸಂಶೋಧಕರು 2013ರಲ್ಲಿ ಎಣಿಸಿದರು: 6,36,120 ರೀತಿ. ಯುದ್ಧ ಕಂಡವನು, ಅತ್ಯಾಚಾರಕ್ಕೆ ಒಳಗಾದವಳು, ಟೆಂಪೋ ಉರುಳಿಸಿಕೊಂಡವನು, ಬಾಲ್ಯವಿಡೀ ಹೊಡೆತ ತಿಂದವರು, ಎಲ್ಲರನ್ನೂ ಒಂದೇ ಕಾಲಂನಲ್ಲಿ ‘ಹೌದು’ ಅಂತ ತುಂಬಿ ಸರಾಸರಿ ತೆಗೆದರೆ ವ್ಯತ್ಯಾಸ ಸಣ್ಣದಾಗಿ ಕಾಣೋದು ಸಹಜ. ಒಳಗೆ ಎರಡು ಮೂರು ಬೇರೆ ಬೇರೆ ಕಾಯಿಲೆಗಳು ಒಂದನ್ನೊಂದು ಅಳಿಸಿ ಹಾಕ್ತಾ ಇರಬಹುದು. ಹದಿನಾರು ಕಡೆಯ ಹಳೇ ಡೇಟಾ ಒಟ್ಟುಗೂಡಿಸೋ ಪ್ರಾಜೆಕ್ಟಿನಲ್ಲಿ ಇದ್ದವರಿಗೆ ಗೊತ್ತು. ಕಾಲಂ ಹೆಸರು ಒಂದೇ ಇದ್ದ ಮಾತ್ರಕ್ಕೆ ಒಳಗಿರೋದು ಒಂದೇ ಅಲ್ಲ.

ಇದಕ್ಕೆ ಮದ್ದು, ಕಾಯಿಲೆ ಬರೋಕೆ ಮುಂಚಿನಿಂದ ಅಥವಾ ಆಘಾತ ಆದ ಕೂಡಲೇ ಹಿಂಬಾಲಿಸಿ ನೋಡೋದು. ಅಮೆರಿಕದಲ್ಲಿ ಅರೋರಾ ಅನ್ನೋ ಅಧ್ಯಯನ 2017ರಿಂದ ಎಮರ್ಜೆನ್ಸಿ ವಾರ್ಡಿಗೆ ಬಂದವರನ್ನೇ ಸೇರಿಸಿಕೊಂಡು ಮುಂದಿನ ತಿಂಗಳುಗಳಲ್ಲಿ ಏನಾಗುತ್ತೆ ಅಂತ ನೋಡಿತು. ದುಬಾರಿ, ನಿಧಾನ, ಹೈಲೈಟರಿಗೆ ಸಿಗದ ಕೆಲಸ.

ಮತ್ತೆ, ಯಾರ ಮೆದುಳು ಅನ್ನೋದು. 2018ರ ಅಧ್ಯಯನದ ಗುಂಪುಗಳಲ್ಲಿ ಬಹುಪಾಲು ಅಮೆರಿಕದವು, ಅದರಲ್ಲೂ ಸೈನಿಕರು ತುಂಬಾ. ಸೈನಿಕರ ಆಸ್ಪತ್ರೆಗಳಲ್ಲಿ ಸ್ಕ್ಯಾನರಿಗೆ ದುಡ್ಡಿದೆ, ಹಾಗಾಗಿ. ನಮ್ಮಲ್ಲಿ ಪರಿಣತಿ ಇಲ್ಲ ಅಂತೇನಲ್ಲ. ಎನಿಗ್ಮಾದ ಒಸಿಡಿ ಗುಂಪಿನಲ್ಲಿ ನಿಮ್ಹಾನ್ಸ್ ಇದೆ; ಹೊಸೂರು ರಸ್ತೆಯಲ್ಲಿ ಟ್ರಾಫಿಕ್ಕಿಗೆ ಬೈಕೊಂಡು ನಾವು ದಾಟಿ ಹೋಗೋ ಅದೇ ಕಾಂಪೌಂಡು. ಭೋಪಾಲದಲ್ಲಿ 1984ರಲ್ಲಿ ಅನಿಲ ಸೋರಿದಾಗ, ಮನಸ್ಸಿನ ಗಾಯ ಅಂತಲೂ ಒಂದು ಇದೆ ಅಂತ ಅಲ್ಲಿನ ಸಾಮಾನ್ಯ ಡಾಕ್ಟರುಗಳಿಗೆ ತರಬೇತಿ ಕೊಡೋಕೆ ಹೋದವರಲ್ಲಿ ನಿಮ್ಹಾನ್ಸಿನ ಆರ್. ಶ್ರೀನಿವಾಸಮೂರ್ತಿ ಇದ್ದರು. ಪಿಟಿಎಸ್‌ಡಿ ಅನ್ನೋ ಪದಕ್ಕೆ ಆಗಿನ್ನೂ ನಾಲ್ಕು ವರ್ಷ ವಯಸ್ಸು. ಮದ್ದು ಕೊಡೋಕೆ ಅವರ್ಯಾರೂ ಸ್ಕ್ಯಾನ್ ಚಿತ್ರಕ್ಕೆ ಕಾಯಲಿಲ್ಲ.

ವ್ಯಾನ್ ಡರ್ ಕೋಲ್ಕ್ ಪುಸ್ತಕ ಕೈಗೆ ಬಂದರೆ ಓದಿ. ಸೈನಿಕರ ಆಸ್ಪತ್ರೆಯ ಮೊದಲ ಅಧ್ಯಾಯ, ಮಕ್ಕಳ ಬಗೆಗಿನ ಅಧ್ಯಾಯಗಳು ಚೆನ್ನಾಗಿವೆ. ಸ್ಕ್ಯಾನ್ ಪುಟ ಬಂದಾಗ ‘ಎಷ್ಟು ಜನ?’ ಅಂತ ಪೆನ್ಸಿಲಿನಲ್ಲಿ ಅಂಚಿಗೆ ಬರೆದುಕೊಳ್ಳಿ. ನಾನು ಬರೆದೇ ಆ ಪ್ರತಿಯನ್ನು ಆರನೆಯವನಿಗೆ ಕೊಟ್ಟೆ. ಇದೇ ಹೊತ್ತಿನಲ್ಲಿ ನಮ್ಮಲ್ಲಿ ಸಿ-ವೇದಾ ಅನ್ನೋ ಭಾರತ-ಬ್ರಿಟನ್ ಜಂಟಿ ಅಧ್ಯಯನ ನಡೆದಿದೆ, ನಿಮ್ಹಾನ್ಸಿನ ವಿವೇಕ್ ಬೆನೆಗಲ್ ಮುಂದಾಳುಗಳಲ್ಲೊಬ್ಬರು. 6ರಿಂದ 23 ವರ್ಷದ ಸುಮಾರು ಹತ್ತು ಸಾವಿರ ಮಕ್ಕಳು, ಯುವಕರು. ಒಂದು ಭಾಗದವರಿಗೆ ಎಂಆರ್‌ಐ ಕೂಡ. ಪಿಟಿಎಸ್‌ಡಿಗೆಂದೇ ಮಾಡಿದ್ದಲ್ಲ, ಚಟ ಮತ್ತು ನಡವಳಿಕೆಯ ತೊಂದರೆಗಳ ಬೇರು ಹುಡುಕೋದು ಅದರ ಗುರಿ. ಆದರೆ ಬೆಂಗಳೂರು, ಮೈಸೂರು, ಕೋಲ್ಕತ್ತ, ಚಂಡೀಗಢದ ಜೊತೆ ಇಂಫಾಲವೂ ಅದರ ಪಟ್ಟಿಯಲ್ಲಿದೆ. ಗಲಭೆ, ಬಂದೂಕು, ಕರ್ಫ್ಯೂ ನೋಡ್ತಾ ಬೆಳೆದ ಮಕ್ಕಳು ಅಲ್ಲಿದ್ದಾರೆ, ಮತ್ತು ಅವರನ್ನು ಅಧ್ಯಯನಕ್ಕೆ ಸೇರಿಸಿಕೊಂಡದ್ದು 2023ಕ್ಕಿಂತ ಮೊದಲೇ.